ಇಬ್ಬರು ಬರದಿದ್ದರೆ ನೂರಕ್ಕೆ ನೂರು

ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ವಾರದೊಳಗೆ ತಾಲ್ಲೂಕಿನ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಯಲ್ಲಿ ಒಂದು ಎಕ್ಸೆಲ್ ಹಾಳೆ ಹುಟ್ಟುತ್ತದೆ. ಎಡಕ್ಕೆ ಪ್ರೌಢಶಾಲೆಯ ಹೆಸರು, ಬಲಕ್ಕೆ ಶೇಕಡಾವಾರು. ನೂರು ಬಂದ ಸಾಲಿಗೆ ಹಸಿರು ಬಣ್ಣ, ಅರವತ್ತು ದಾಟದ ಸಾಲಿಗೆ ಕೆಂಪು. ಹಸಿರಿಗೆ ಶಾಲು, ಹಾರ, ಮೈಸೂರು ಪೇಟ. ಕೆಂಪಿಗೆ ಕಾರಣ ಕೇಳಿ ನೋಟಿಸು. ಆ ನೋಟಿಸಿಗೆ ಮುಖ್ಯ ಶಿಕ್ಷಕರು ಬರೆಯುವ ಸಮಜಾಯಿಷಿಯ ಕನ್ನಡ ನೋಡಿದರೆ ಪ್ರಥಮ ಭಾಷೆಯಲ್ಲಿ 125ಕ್ಕೆ 125 ಕೊಡದೆ ವಿಧಿಯಿಲ್ಲ.

ಹಸಿರಾಗುವುದು ಕಷ್ಟವೇನಲ್ಲ, ಭಾಗಾಕಾರ ಬಂದರೆ ಸಾಕು. ಪಾಸಾದವರನ್ನು ಭಾಗಿಸುವುದು ಪರೀಕ್ಷೆಗೆ ಹಾಜರಾದವರಿಂದ, ದಾಖಲಾದವರಿಂದ ಅಲ್ಲ. ಹತ್ತು ಮಕ್ಕಳ ಶಾಲೆ ಅಂದುಕೊಳ್ಳಿ. ಹತ್ತೂ ಮಂದಿ ಪರೀಕ್ಷೆ ಬರೆದು ಇಬ್ಬರು ಗಣಿತದಲ್ಲಿ ಹೋದರೆ ಶೇ. 80. ಅದೇ ಇಬ್ಬರು ಪರೀಕ್ಷೆಯ ದಿನ ಶುಂಠಿ ಕೀಳಲು ಹೋದರೆ ಎಂಟಕ್ಕೆ ಎಂಟು, ಶೇ. 100. ಪಾಸಾದವರು ಆಗಲೂ ಎಂಟು, ಈಗಲೂ ಎಂಟು. ವರ್ಷವಿಡೀ ಚಕ್ಕರ್ ಹೊಡೆದವನು ಪರೀಕ್ಷೆಗೂ ಚಕ್ಕರ್ ಹೊಡೆದರೆ ಶಾಲೆಗೆ ಅವನಷ್ಟು ಉಪಕಾರಿ ಇನ್ನೊಬ್ಬನಿಲ್ಲ. ಹಾರ ಹಾಕುವಾಗ ಅವನನ್ನು ಮರೆಯುತ್ತಾರೆ, ಅದೊಂದೇ ಬೇಜಾರು.

ಮುಂದಾಲೋಚನೆ ಇರುವ ಶಾಲೆಗಳು ಹತ್ತನೇ ತರಗತಿಯವರೆಗೆ ಕಾಯುವುದೇ ಇಲ್ಲ. ಒಂಬತ್ತರಲ್ಲೇ ಜರಡಿ ಹಿಡಿಯುತ್ತವೆ. ಲೆಕ್ಕ ಹತ್ತದ ಹುಡುಗನ ಅಪ್ಪನನ್ನು ಕರೆಸಿ, 'ಇನ್ನೊಂದು ವರ್ಷ ಇಲ್ಲೇ ಇರಲಿ, ಪಾಯ ಗಟ್ಟಿಯಾಗುತ್ತೆ' ಅನ್ನುತ್ತಾರೆ. ಇಲ್ಲವೇ ಟಿಸಿ ಬರೆದುಕೊಟ್ಟು, ಮೂರು ಕಿಲೋಮೀಟರ್ ಆಚೆಯ ಶಾಲೆ ಬಹಳ ಚೆನ್ನಾಗಿದೆ ಎಂದು ಹೊಗಳುತ್ತಾರೆ. ಪಕ್ಕದೂರಿನ ಸರ್ಕಾರಿ ಶಾಲೆಯನ್ನು ಮನಸಾರೆ ಹೊಗಳುವುದು ವರ್ಷಕ್ಕೆ ಅದೊಂದೇ ಸಲ.

ಇನ್ನೊಂದು ತಮಾಷೆ ನೋಡಿ. ಮೊರಾರ್ಜಿ ದೇಸಾಯಿ ವಸತಿ ಶಾಲೆ, ಆದರ್ಶ ವಿದ್ಯಾಲಯ ಎರಡೂ ಆರನೇ ತರಗತಿಗೆ ಪ್ರವೇಶ ಪರೀಕ್ಷೆ ಇಟ್ಟು ಮಕ್ಕಳನ್ನು ಆರಿಸಿಕೊಳ್ಳುತ್ತವೆ. ಊರಿನ ಸರ್ಕಾರಿ ಪ್ರೌಢಶಾಲೆ ಬಾಗಿಲಿಗೆ ಬಂದವರನ್ನೆಲ್ಲ ಸೇರಿಸಿಕೊಳ್ಳುತ್ತದೆ. ಕುರಿ ಕಾಯ್ದು ಬಂದವನನ್ನೂ, ಮೂರು ತಿಂಗಳು ಅಪ್ಪ ಅಮ್ಮನ ಜೊತೆ ಗುಳೆ ಹೋಗಿ ಬಂದವಳನ್ನೂ. ಹಾಳೆಯಲ್ಲಿ ಮಾತ್ರ ಎರಡೂ ಅಕ್ಕಪಕ್ಕ. ಒನೆದ ರಾಗಿಯನ್ನೂ ಕಣದ ರಾಶಿಯನ್ನೂ ಒಂದೇ ತಕ್ಕಡಿಗೆ ಹಾಕಿ, ಯಾವ ರೈತ ಜಾಣ ಎಂದು ಕೇಳಿದ ಹಾಗೆ. ಗಾತ್ರದ ಲೆಕ್ಕವಂತೂ ಕೇಳಲೇಬೇಡಿ. ಆರು ಮಕ್ಕಳಲ್ಲಿ ಆರೂ ಪಾಸಾದ ಶಾಲೆ ಒಂದನೇ ಸ್ಥಾನದಲ್ಲಿ ಕೂತಿರುತ್ತದೆ. 84ರಲ್ಲಿ 70 ಮಕ್ಕಳನ್ನು ದಡ ಸೇರಿಸಿದ ಶಾಲೆ ಶೇ. 83.33 ಹೊತ್ತುಕೊಂಡು ಹದಿನೇಳನೆಯದಾಗಿ ನಿಂತಿರುತ್ತದೆ. ಮುಂದಿನ ವರ್ಷ ಆ ಶಾಲೆಯ ಹೊಸ ಆರು ಮಕ್ಕಳಲ್ಲಿ ಒಬ್ಬಳಿಗೆ ಟೈಫಾಯ್ಡ್ ಬಂದು ಅರೆಬರೆ ಬರೆದಳೋ, ಮೊದಲನೆಯದೂ ಶೇ. 83.33! 'ಶಾಲೆಯ ಗುಣಮಟ್ಟ ಕುಸಿತ' ಎಂದು ನೋಟಿಸು ಬರುತ್ತದೆ. ಕುಸಿದದ್ದು ಹುಡುಗಿಯ ಪ್ಲೇಟ್‌ಲೆಟ್ಟು.

ಡಿಸೆಂಬರ್ ಹೊತ್ತಿಗೆ 'ಪಾಸಿಂಗ್ ಪ್ಯಾಕೇಜ್' ಬರುತ್ತದೆ, ಅಂದರೆ ಪಾಸಾಗಲು ಸಾಕಾಗುವಷ್ಟು ಪ್ರಶ್ನೆಗಳ ಪುಟ್ಟ ಗಂಟು. ಗಣಿತಕ್ಕೆ ಒಂದು ಗ್ರಾಫು, ಥೇಲ್ಸ್ ಪ್ರಮೇಯ. ಸಮಾಜಕ್ಕೆ ಭಾರತದ ನಕ್ಷೆ. ವಿಜ್ಞಾನಕ್ಕೆ ನಾಲ್ಕಾರು ಚಿತ್ರ. ಹೂವಿನ ನೀಳಛೇದವನ್ನು ಕಣ್ಣು ಮುಚ್ಚಿ ಬಿಡಿಸುವ ಹುಡುಗಿಗೆ ಶಾಲೆಯ ಬೇಲಿಯಲ್ಲೇ ಇರುವ ದಾಸವಾಳವನ್ನು ಸೀಳಿ ನೋಡುವಷ್ಟು ಪುರುಸೊತ್ತು ಇರುವುದಿಲ್ಲ. ಅಷ್ಟರ ಮೇಲೂ ಕಡಿಮೆ ಬಿದ್ದರೆ ಆಂತರಿಕ ಮೌಲ್ಯಮಾಪನದ 20 ಅಂಕ ಇದ್ದೇ ಇದೆ. ಅದು ಶಾಲೆಯ ಕೈಯಲ್ಲೇ ಇರುವುದರಿಂದ ವರ್ಷವೆಲ್ಲ ಬಾಯಿ ಬಿಡದವನಿಗೂ 19. ಆ ಒಂದು ಅಂಕ ಕತ್ತರಿಸುವುದು ನೈಜವಾಗಿ ಕಾಣಲಿ ಎಂದು.

ಈ ಶೇಕಡಾವಾರು ಹೋಲಿಕೆ ಎಷ್ಟು ಗಟ್ಟಿ ಎಂಬುದನ್ನು ಒಮ್ಮೆ ಕ್ಯಾಮೆರಾವೇ ತೋರಿಸಿಕೊಟ್ಟಿತು. 2023ರಲ್ಲಿ ಚಿತ್ರದುರ್ಗ ಶೇ. 96.80 ಪಡೆದು ರಾಜ್ಯಕ್ಕೇ ಮೊದಲ ಜಿಲ್ಲೆ. 2024ರಲ್ಲಿ ಪರೀಕ್ಷಾ ಕೇಂದ್ರಗಳಿಗೆ ವೆಬ್‌ಕಾಸ್ಟಿಂಗ್, ಅಂದರೆ ಕ್ಯಾಮೆರಾದ ನೇರ ಕಣ್ಗಾವಲು ಬಂತು, ಅದೇ ಜಿಲ್ಲೆ 21ನೇ ಸ್ಥಾನಕ್ಕೆ ಇಳಿಯಿತು. ಒಂದೇ ವರ್ಷದಲ್ಲಿ ಮೇಷ್ಟ್ರುಗಳೆಲ್ಲ ಪಾಠ ಮರೆತರು ಎನ್ನೋಣವೇ? ರಾಜ್ಯದ ಫಲಿತಾಂಶವೂ ಶೇ. 83.89ರಿಂದ 73.40ಕ್ಕೆ ಬಿತ್ತು. ಅದೂ ಕೃಪಾಂಕವನ್ನು ಶೇ. 10ರಿಂದ 20ಕ್ಕೆ ಏರಿಸಿ, ಅದಕ್ಕೆ ಬೇಕಿದ್ದ ಅರ್ಹತೆಯನ್ನು ಶೇ. 35ರಿಂದ 25ಕ್ಕೆ ಇಳಿಸಿ, ಎರಡೂ ಕಡೆಯಿಂದ ಜಗ್ಗಿದ ಮೇಲೆ. ಇಷ್ಟಾದರೂ ಪಟ್ಟಿ ಮಾಡುವ ಚಟ ಮಾತ್ರ ಬಿಡಲಿಲ್ಲ.

ಪರೀಕ್ಷೆ ಬಿಟ್ಟು ಸೌಲಭ್ಯ ಹೋಲಿಸೋಣವೆಂದರೆ ಯುಡೈಸ್ ಇದೆ, ಪ್ರತಿ ಶಾಲೆಯೂ ತನ್ನ ಮಾಹಿತಿ ತುಂಬುವ ಸರ್ಕಾರಿ ದತ್ತಾಂಶ ವ್ಯವಸ್ಥೆ. ಅದರಲ್ಲಿ ಎಲ್ಲ ಶಾಲೆಗೂ ಎಲ್ಲವೂ 'ಇದೆ'. ಗ್ರಂಥಾಲಯ ಇದೆ, ಕಬ್ಬಿಣದ ಬೀರುವಿನೊಳಗೆ. ಬೀಗದ ಕೈ ವರ್ಗವಾಗಿ ಹೋದ ಮೇಷ್ಟ್ರ ಜೊತೆಗಿದೆ. ಮೈದಾನ ಇದೆ, ಸುಗ್ಗಿಯಲ್ಲಿ ಹುರುಳಿ ಒಣಗುವ ಹೊತ್ತು ಬಿಟ್ಟರೆ. ರ್‍ಯಾಂಪ್ ಕೂಡ ಇದೆ. ಅಳತೆಯ ಪ್ರಕಾರ ಒಂದಡಿ ಎತ್ತರಕ್ಕೆ ಹನ್ನೆರಡಡಿ ಉದ್ದ ಬೇಕು. ಎರಡಡಿ ಎತ್ತರದ ಜಗಲಿಗೆ ಇಪ್ಪತ್ತನಾಲ್ಕು ಅಡಿ ಕಟ್ಟಿದರೆ ಅದು ಗೇಟು ದಾಟಿ ರಸ್ತೆಗೆ ಬರುತ್ತದೆಂದು ಗುತ್ತಿಗೆದಾರ ಐದಡಿಗೇ ಮುಗಿಸಿರುತ್ತಾನೆ. ಗಾಲಿಕುರ್ಚಿಯ ಮಗು ಅದನ್ನು ಹತ್ತಲಾರದು. ಇಳಿಯುವುದಾದರೆ ನೇರ ಕಾಂಪೌಂಡಿಗೆ. ಆದರೆ ಹೆಡ್‌ಮಾಸ್ಟರ ಬೈಕು ಮಳೆಗಾಲದಲ್ಲಿ ಸಲೀಸಾಗಿ ಜಗಲಿಗೆ ಏರುತ್ತದೆ. ಆ ಮಟ್ಟಿಗೆ ಕಾಲಂನಲ್ಲಿ 'ಇದೆ' ಎಂದು ತುಂಬಿದ್ದು ಸುಳ್ಳಲ್ಲ. ಶೌಚಾಲಯ ಎಷ್ಟಿದೆ ಎಂದು ಒಂದು ಕಡೆ, ಬಳಕೆಯಲ್ಲಿ ಎಷ್ಟಿದೆ ಎಂದು ಇನ್ನೊಂದು ಕಡೆ ಕೇಳುತ್ತಾರೆ. ಎರಡಕ್ಕೂ ಒಂದೇ ಅಂಕಿ ಬರೆದರೆ ಕೆಲಸ ಬೇಗ ಮುಗಿಯುತ್ತದೆ. ನೀರಿನ ಟ್ಯಾಂಕ್ ಇದೆಯೇ ಎಂದು ಕೇಳಿದರೆ ಇದೆ ಎನ್ನಬೇಕು. ಟ್ಯಾಂಕಿನಲ್ಲಿ ನೀರಿದೆಯೇ ಎಂದು ಕೇಳುವವರು ಹೆಣ್ಣುಮಕ್ಕಳು ಮಾತ್ರ, ಅವರಿಗೆ ಲಾಗಿನ್ ಇಲ್ಲ.

ಕೊನೆಗೆ, ಹಸಿರು ಸಾಲಿಗೆ ಬಂದ ಶಾಲೆಯ ಗೇಟಿಗೆ ಆರಡಿ ನಾಲ್ಕಡಿಯ ಫ್ಲೆಕ್ಸ್ ಏರುತ್ತದೆ. 'ಶೇ. 100 ಫಲಿತಾಂಶ' ಎಂಬ ಅಕ್ಷರದ ಸುತ್ತ ಶಾಸಕರು, ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಅಧ್ಯಕ್ಷರು, ಪಂಚಾಯ್ತಿ ಸದಸ್ಯರು, ಫ್ಲೆಕ್ಸಿಗೆ ದುಡ್ಡು ಕೊಟ್ಟ ಗೊಬ್ಬರದಂಗಡಿಯವರು. ಪಾಸಾದ ಎಂಟು ಮಕ್ಕಳು ಕೆಳಗಿನ ಅಂಚಿನಲ್ಲಿ, ಅಂಚೆಚೀಟಿ ಗಾತ್ರದಲ್ಲಿ. ಜೂನ್ ಮಳೆ ಹಿಡಿದ ಮೇಲೆ ಅದನ್ನೇ ಬಿಚ್ಚಿ ಎಂಟನೇ ತರಗತಿಯ ಒಡೆದ ಹೆಂಚಿನ ಮೇಲೆ ಹಾಸಿ, ನಾಲ್ಕು ಮೂಲೆಗೆ ಕಲ್ಲು ಹೇರುತ್ತಾರೆ. ಆ ವರ್ಷದ ಯುಡೈಸ್‌ನಲ್ಲಿ ಆ ಕೊಠಡಿ 'ದೊಡ್ಡ ದುರಸ್ತಿ'ಯಿಂದ 'ಸಣ್ಣ ದುರಸ್ತಿ' ಕಾಲಂಗೆ ಬಡ್ತಿ ಪಡೆದಿರುತ್ತದೆ.