ನಿಲ್ಲಿಸುವ ಗುಂಡಿ

ಸೆಕೆಂಡಿನ ಐದನೇ ಒಂದು ಭಾಗವನ್ನು ಅಳೆಯಲೇಬೇಕಾದ ಪ್ರಸಂಗ ನನ್ನ ಬದುಕಿನಲ್ಲಿ ಇದುವರೆಗೆ ಬಂದಿಲ್ಲ. ನಾನು ಕುದುರೆ ಓಡಿಸುವವನಲ್ಲ, ಫಿರಂಗಿ ಹಾರಿಸುವವನಲ್ಲ, ನಾಡಿ ಹಿಡಿಯುವವನೂ ಅಲ್ಲ. ಹೇಳಿದ ಹೊತ್ತಿಗಿಂತ ಅರ್ಧ ಗಂಟೆ ತಡವಾಗಿ ಹೋಗಿ, ದಾರಿಯ ಮೇಲೆ ತಪ್ಪು ಹಾಕುವವನು. ಇಂಥವನಿಗೆ ಹಳೆಯ ಕ್ರೋನೋಗ್ರಾಫ್ ವಾಚಿನ ಮೇಲೆ ಮನಸ್ಸು ಬಿತ್ತು. “ಮೊಬೈಲಿನಲ್ಲೇ ಗಂಟೆ ಕಾಣುತ್ತಲ್ಲರೀ” ಎಂದಳು ನನ್ನವಳು. ಉತ್ತರ ನನ್ನ ಬಳಿ ಇರಲಿಲ್ಲ. ಈಗಲೂ ಇಲ್ಲ.

ಕ್ರೋನೋಗ್ರಾಫ್ ಎಂದರೆ ಕೀ ಕೊಡುವ ತಿರುಪಿನ ಆಚೆಗೊಂದು ಈಚೆಗೊಂದು ಗುಂಡಿ ಇರುವ ವಾಚು. ಗುಂಡಿ ಒತ್ತಿದರೆ ಅಲ್ಲಿಯತನಕ ಸುಮ್ಮನೆ ನಿಂತಿದ್ದ ಉದ್ದನೆಯ ಮುಳ್ಳು ಓಡತೊಡಗುತ್ತದೆ. 1821ರಲ್ಲಿ ಪ್ಯಾರಿಸ್ಸಿನ ನಿಕೊಲಾ ರಿಯುಸ್ಸೆಕ್ ಕುದುರೆ ಓಟದ ಹೊತ್ತು ಹಿಡಿಯಲು ಒಂದು ಯಂತ್ರ ಮಾಡಿದ. ಕುದುರೆ ಗುರಿ ದಾಟಿದೊಡನೆ ಅದರ ಬಿಲ್ಲೆಯ ಮೇಲೆ ಮಸಿಯ ಚುಕ್ಕೆ ಬೀಳುತ್ತಿತ್ತು. ಕಾಲವನ್ನು ನಿಜವಾಗಿಯೇ ಬರೆಯುತ್ತಿತ್ತು, ಹೆಸರು ಬಂದದ್ದೂ ಹಾಗೇ. ಈಗಿನವು ಒಂದಕ್ಷರವನ್ನೂ ಬರೆಯುವುದಿಲ್ಲ. ಹೆಸರನ್ನು ಮಾತ್ರ ಬಿಟ್ಟುಕೊಟ್ಟಿಲ್ಲ.

ನನ್ನನ್ನು ಹಿಡಿದದ್ದು ಡಯಲಿನ ಅಂಚಿನ ಅಂಕಿಗಳು. ಒಂದು ಕಿಲೋಮೀಟರನ್ನು 45 ಸೆಕೆಂಡಿನಲ್ಲಿ ದಾಟಿದರೆ ಮುಳ್ಳು ನಿಂತ ಕಡೆ 80 ಎಂದಿರುತ್ತದೆ. ಅದೇ ಗಂಟೆಯ ವೇಗ. ಇನ್ನು ಕೆಲವದರಲ್ಲಿ ಮಿಂಚು ಕಂಡಾಗ ಒತ್ತಿ ಗುಡುಗು ಕೇಳಿದಾಗ ನಿಲ್ಲಿಸಿದರೆ ಸಿಡಿಲು ಎಷ್ಟು ದೂರದಲ್ಲಿ ಬಿತ್ತೆಂದು ಓದಿಕೊಳ್ಳಬಹುದು. ಇಷ್ಟೆಲ್ಲ ತಿಳಿದಿರುವ ವಸ್ತು ಕೈಮೇಲಿದ್ದರೆ ತಿಳಿವಳಿಕೆ ಸ್ವಲ್ಪ ನನಗೂ ಅಂಟಬಹುದೆಂಬ ಆಸೆ.

ಆನ್‌ಲೈನ್ ಹರಾಜಿಗೆ ಇಳಿದಮೇಲೆ ಮೊದಲು ಕಲಿಯಬೇಕಾದದ್ದು ಮಾರುವವರ ಭಾಷೆ. “ವಯಸ್ಸಿಗೆ ತಕ್ಕ ಸ್ಥಿತಿ” ಎಂದರೆ ಗೀರುಗಳನ್ನು ಎಣಿಸಬೇಡಿ ಎಂದರ್ಥ. “ಕೊಂಚ ಹೊತ್ತು ನಡೆಯಿತು” ಎಂದರೆ ಆಮೇಲೆ ನಿಂತಿತು. “ನಾನು ವಾಚಿನ ತಜ್ಞನಲ್ಲ” ಎಂದವನು ಪಕ್ಕಾ ತಜ್ಞ. ಡಯಲು ಮಾಸಿ ಕಂದಾಗಿದ್ದರೆ ಅದು ಮಾಸಿದ್ದಲ್ಲ, ಪ್ಯಾಟಿನಾ, ಅಂದರೆ ವಯಸ್ಸು ತಂದ ಸೊಬಗು. ಆ ಒಂದು ಮಾತಿಗೆ ಬೆಲೆ ಏರುತ್ತದೆ. ಮನುಷ್ಯರ ಮುಖಕ್ಕೆ ಈ ರಿಯಾಯಿತಿ ಯಾರೂ ಕೊಟ್ಟಂತಿಲ್ಲ. ಕತ್ತಲಲ್ಲಿ ಹೊಳೆಯಲೆಂದು ಹಳೆಯ ಮುಳ್ಳುಗಳಿಗೆ ವಿಕಿರಣ ಸೂಸುವ ರೇಡಿಯಂ ಬೆರೆಸಿದ ಬಣ್ಣ ಹಚ್ಚುತ್ತಿದ್ದರು. ಹೊಳಪು ಎಂದೋ ಸತ್ತಿರುತ್ತದೆ, ರೇಡಿಯಂ ಸತ್ತಿರುವುದಿಲ್ಲ. ಅದು ಅರ್ಧದಷ್ಟಾಗಲು 1,600 ವರ್ಷ ಬೇಕು. ಹಾಗಾಗಿ ವಾಚು ಬಿಚ್ಚಿ ಬಣ್ಣ ಕೆರೆಯುವ ಉಮೇದು ಬೇಡ.

ಚಿತ್ರಗಳನ್ನು ಹಿಗ್ಗಿಸಿ ಹಿಗ್ಗಿಸಿ ನೋಡಿದೆ. ಉದ್ದ ಮುಳ್ಳು ಸರಿಯಾಗಿ ಹನ್ನೆರಡರ ಮೇಲೆ ಬಂದು ನಿಂತಿದೆಯೇ, ಡಯಲಿನ ಅಕ್ಷರಗಳು ಮತ್ತೆ ಬರೆದವೇ, ತಿರುಪು ಮೂಲದ್ದೇ. ಎರಡು ಮೂರು ವಾಚುಗಳ ಬಿಡಿಭಾಗ ಸೇರಿಸಿ ಒಂದು ಮಾಡಿದವಕ್ಕೆ ಸಂಗ್ರಾಹಕರು ಫ್ರಾಂಕನ್ ಎನ್ನುತ್ತಾರೆ. ಹದಿನೈದು ದಿನದಲ್ಲಿ ನನಗೆ ಅನುಮಾನ ಬರದ ವಾಚೇ ಉಳಿಯಲಿಲ್ಲ. ಕೊನೆಗೊಂದನ್ನು ಆರಿಸಿಕೊಂಡೆ, ಅನುಮಾನ ತೀರಿತೆಂದಲ್ಲ, ಅನುಮಾನಪಟ್ಟು ಸಾಕಾಗಿ.

ಈ ಹರಾಜಿನ ಪದ್ಧತಿ ಚೆನ್ನಾಗಿದೆ. ನಿಮ್ಮ ಕೊನೆಯ ಬೆಲೆಯನ್ನು ಗುಟ್ಟಾಗಿ ಬರೆದಿಟ್ಟರೆ, ಎದುರಾಳಿಗಿಂತ ಒಂದು ಮೆಟ್ಟಿಲು ಮೇಲಿರುವಷ್ಟೇ ಕಂಪ್ಯೂಟರು ನಿಮ್ಮ ಪರವಾಗಿ ಕೂಗುತ್ತ ಹೋಗುತ್ತದೆ. ಗೆದ್ದವನು ತೆರುವುದು ಸೋತವನ ಬೆಲೆಯನ್ನು, ಮೇಲೆ ಒಂದಿಷ್ಟು. ಎರಡನೆಯವನ ಬೆಲೆ ತೆರುವ ಹರಾಜಿನಲ್ಲಿ ಮನಸ್ಸಿನಲ್ಲಿದ್ದ ಬೆಲೆಯನ್ನೇ ಬರೆದು ಸುಮ್ಮನಿರುವುದು ಜಾಣತನ ಎಂದು ಅರ್ಥಶಾಸ್ತ್ರಜ್ಞ ವಿಲಿಯಂ ವಿಕ್ರಿ 1961ರಲ್ಲೇ ತೋರಿಸಿದರು. ಮುಂದೆ ಅವರಿಗೆ ನೊಬೆಲ್ಲೂ ಬಂತು. ನಾನೂ ಬರೆದೆ. ಆದರೆ ಮನಸ್ಸಿನಲ್ಲಿದ್ದ ಬೆಲೆ ಹತ್ತು ಗಂಟೆಗೆ ಒಂದಿದ್ದದ್ದು ಹತ್ತೂವರೆಗೆ ಇನ್ನೊಂದಾಯಿತು. “ನಿಮ್ಮನ್ನು ಮೀರಿಸಿದ್ದಾರೆ” ಎಂಬ ಸಾಲು ಪರದೆಯ ಮೇಲೆ ಕೆಂಪಗೆ ಮೂಡಿದ ಗಳಿಗೆಯಿಂದ ಅದು ವಾಚಿನ ಬೆಲೆಯಾಗಿರಲಿಲ್ಲ. ನನ್ನ ವಾಚನ್ನು ಕಸಿಯಲು ಬಂದ ಮುಖವಿಲ್ಲದ ಒಬ್ಬನ ಮೇಲಿನ ಸಿಟ್ಟಿನ ಬೆಲೆಯಾಗಿತ್ತು. ಕೊನೆಯ ಹತ್ತು ಸೆಕೆಂಡು ಉಳಿದಾಗ ಕೈ ನಡುಗುತ್ತಿತ್ತು. ನಾಡಿ ಅಳೆಯುವ ಡಯಲಿಗೆ ಒಳ್ಳೆಯ ಕೆಲಸವಿತ್ತು, ಆದರೆ ವಾಚು ಇನ್ನೂ ಆ ಕಡೆಯಲ್ಲಿತ್ತು. ಗೆದ್ದೆ. ಅಭಿನಂದನೆಯ ಸಾಲಿನ ಕೆಳಗೇ ಮೊತ್ತವೂ ಕಂಡಿತು.

ಪೆಟ್ಟಿಗೆ ಬಿಚ್ಚಿದಾಗ ಮೊದಲ ಆಶ್ಚರ್ಯ ಗಾತ್ರ. ಪರದೆಯ ತುಂಬ ತಟ್ಟೆಯಷ್ಟಗಲ ಕಂಡದ್ದು ಬಿಲ್ಲೆಯಷ್ಟಿತ್ತು. ಎರಡನೆಯದು ಆಶ್ಚರ್ಯವಲ್ಲ, ಆಘಾತ. ಮೇಲಿನ ಗುಂಡಿ ಒತ್ತಿದೆ, ಮುಳ್ಳು ಹೊರಟಿತು. ಮತ್ತೆ ಒತ್ತಿದೆ, ನಿಲ್ಲಲಿಲ್ಲ. ಇನ್ನೂ ಬಲವಾಗಿ ಒತ್ತಿದೆ, ಊಹೂಂ. ಮಾರಿದವನಿಗೆ ಕಟುವಾದ ಪತ್ರವೊಂದನ್ನು ಬರೆದು ಮುಗಿಸಿ, ಕಳಿಸುವ ಮೊದಲು ಒಳಗಿನ ಯಂತ್ರದ ಬಗ್ಗೆ ಓದಿದೆ. ಅದು ಲ್ಯಾಂಡೆರಾನ್ 48. ಆ ಕಾಲದ ಹಲವು ಸ್ವಿಸ್ ಹೆಸರುಗಳ ಹೊಟ್ಟೆಯೊಳಗೆ ಇದ್ದದ್ದು ಇದೇ. ಅದರಲ್ಲಿ ಮೇಲಿನ ಗುಂಡಿಗೆ ಶುರು ಮಾಡುವುದಷ್ಟೇ ಕೆಲಸ. ನಿಲ್ಲಿಸುವುದು ಕೆಳಗಿನದು, ಅದನ್ನೇ ಇನ್ನೊಮ್ಮೆ ಒತ್ತಿದರೆ ಮುಳ್ಳು ಟಕ್ಕನೆ ಹನ್ನೆರಡಕ್ಕೆ ಮರಳುತ್ತದೆ. ಹಾಗೆ ಮರಳಿಸುವುದು ಒಳಗಿರುವ ಹೃದಯದಾಕಾರದ ಪುಟ್ಟ ಲೋಹದ ಚೂರು. ಮುಳ್ಳು ಎಲ್ಲೇ ಇರಲಿ, ಸನ್ನೆಕೋಲು ಆ ಚೂರಿನ ಮೇಲೆ ಒತ್ತಿದೊಡನೆ ತಿರುಗಿ ಶುರುವಿಗೆ ಬಂದು ಕೂರುತ್ತದೆ. ಮುಳ್ಳನ್ನು ಸೊನ್ನೆಗೆ ತರುವ ಉಪಾಯಕ್ಕೆ ಅಡಾಲ್ಫ್ ನಿಕೋಲ್ 1844ರಲ್ಲೇ ಪೇಟೆಂಟ್ ಪಡೆದಿದ್ದ. ಪತ್ರವನ್ನು ಅಳಿಸಿದೆ.

ಈಗ ಸಿಕ್ಕಿದ್ದನ್ನೆಲ್ಲ ಅಳೆಯುತ್ತೇನೆ. ನೀರು ಕುದಿಯುವುದನ್ನು, ಲಿಫ್ಟು ಇಳಿಯುವುದನ್ನು, ಎದುರುಮನೆಯವರ ಫೋನು ಎಷ್ಟು ಹೊತ್ತು ಹೊಡೆದುಕೊಳ್ಳುತ್ತದೆ ಎಂಬುದನ್ನು. ಮೊನ್ನೆ ರಾತ್ರಿ, ಕೊಳ್ಳಲಿಕ್ಕಲ್ಲ, ಸುಮ್ಮನೆ ನೋಡಲಿಕ್ಕೆಂದು ಹರಾಜಿನ ಪುಟ ತೆರೆದೆ. ಐದೇ ನಿಮಿಷ ಎಂದು ಮಾತು ಕೊಟ್ಟು ಮೇಲಿನ ಗುಂಡಿ ಒತ್ತಿದೆ. ನನ್ನವಳು ಬಂದು ಎಷ್ಟಾಯಿತು ಎಂದಾಗ ವಾಚನ್ನೇ ತೋರಿಸಿದೆ. ನಿಮಿಷದ ಪುಟ್ಟ ಮುಳ್ಳು ನಾಲ್ಕರ ಮೇಲಿತ್ತು. ಅದು ಮೂವತ್ತರವರೆಗೆ ಮಾತ್ರ ಎಣಿಸಿ ಮತ್ತೆ ಒಂದರಿಂದ ಶುರು ಮಾಡುತ್ತದೆ ಎಂಬುದನ್ನು ಅವಳಿಗೆ ಇನ್ನೂ ಹೇಳಿಲ್ಲ.