ಎಡವಿದವನಿಗಲ್ಲ, ಎಡವಿದ್ದಕ್ಕೆ ಹೆಸರು ಬೇಕು

ತೀರ್ಥಹಳ್ಳಿ ಕಡೆಯ ನಮ್ಮೂರಿನ ಹಿರಿಯರೊಬ್ಬರಿಗೆ ‘ಛತ್ರ’ ಎಂಬ ಅಡ್ಡಹೆಸರು ಅಂಟಿಕೊಂಡು ನಲವತ್ತು ವರ್ಷಗಳಾಗಿವೆ. ಯೌವನದಲ್ಲಿ ಮದುವೆಯೊಂದಕ್ಕೆ ಶಿವಮೊಗ್ಗಕ್ಕೆ ಹೋದವರು, ಒಂದೇ ಬೀದಿಯಲ್ಲಿದ್ದ ಎರಡು ಛತ್ರಗಳ ಪೈಕಿ ತಪ್ಪಾದದ್ದನ್ನು ಹೊಕ್ಕು, ಗುರುತೇ ಇಲ್ಲದ ವಧೂವರರ ತಲೆಗೆ ಅಕ್ಷತೆ ಹಾಕಿ, ಉಡುಗೊರೆಯ ಲಕೋಟೆಯನ್ನೂ ಕೊಟ್ಟು, ಪಂಕ್ತಿಯಲ್ಲಿ ಹೋಳಿಗೆ ಬರುವ ಹೊತ್ತಿಗೆ ಸಂಗತಿ ತಿಳಿದು ಎದ್ದುಬಂದರಂತೆ. ಅಂದಿನ ಒಂದು ಗಳಿಗೆಯ ಪೇಚು ಅವರ ಮೊಮ್ಮಕ್ಕಳ ತನಕ ಇಳಿದಿದೆ; ಆ ಹುಡುಗರನ್ನೂ ಊರು ‘ಛತ್ರದವರ ಮನೆಯ ಮಕ್ಕಳು’ ಎಂದೇ ಗುರುತಿಸುತ್ತದೆ.

ಹನ್ನೆರಡು ವರ್ಷಗಳಿಂದ ಜರ್ಮನಿಯಲ್ಲಿ ನೆಲೆಸಿರುವ ನನಗೆ, ಊರಿಗೆ ಬಂದಾಗಲೆಲ್ಲ ಈ ಹೆಸರು ಕಿವಿಗೆ ಬಿದ್ದರೆ ನೋವಾಗುತ್ತದೆ. ಜರ್ಮನರು ನಮಗಿಂತ ಮೃದು ಸ್ವಭಾವದವರೆಂದು ನಾನು ಹೇಳಲಾರೆ. ಆದರೆ ಅವರು ಇಂಥ ಎಡವಟ್ಟುಗಳಿಗೇ ಹೆಸರು ಕಟ್ಟುತ್ತಾರೆ, ಎಡವಿದವನನ್ನು ಅವನ ಪಾಡಿಗೆ ಬಿಡುತ್ತಾರೆ. ಬೇರೊಬ್ಬನ ಪೆದ್ದುತನ ಕಂಡು ನೋಡುವವನ ಮೋರೆ ಕೆಂಪಾಗುವುದಕ್ಕೆ ‘ಅನ್ಯ’ ಮತ್ತು ‘ನಾಚು’ ಎಂಬ ಎರಡು ಮಾತುಗಳನ್ನು ಬೆಸೆದು ‘ಫ್ರೆಮ್ಡ್‌ಶೇಮೆನ್’ ಎನ್ನುತ್ತಾರೆ. ಆಸ್ಟ್ರಿಯಾದವರು 2010ರಲ್ಲಿ ಅದನ್ನೇ ವರ್ಷದ ಪದವೆಂದು ಆರಿಸಿದರು. ತಕ್ಕ ಉತ್ತರವು ಮನೆಯಿಂದ ಹೊರಟು ಮೆಟ್ಟಿಲಿಳಿಯುವಾಗ ಹೊಳೆದರೆ ಅದು ‘ಟ್ರೆಪ್ಪೆನ್‌ವಿಟ್ಸ್’, ಅಂದರೆ ಮೆಟ್ಟಿಲ ಚಾತುರ್ಯ. ಅದರ ಮೂಲ 18ನೆಯ ಶತಮಾನದ ಫ್ರೆಂಚ್ ಚಿಂತಕ ದಿದೆರೋನ ಮಾತಿನಲ್ಲಿದೆ. ಇಂಥ ಪದವೊಂದು ನಾಲಿಗೆಗೆ ಬಂದೊಡನೆ, ಇದು ನನ್ನೊಬ್ಬನಿಗೇ ಆದದ್ದಲ್ಲ, ಪದ ಹುಟ್ಟುವಷ್ಟು ಜನರಿಗೆ ಆಗಿದೆ ಎಂಬ ನೆಮ್ಮದಿ ಎಡವಿದವನಿಗೆ ಸಿಗುತ್ತದೆ.

ನಮ್ಮಲ್ಲಿ ಪದಗಳಿಲ್ಲವೇ? ಮುಜುಗರ, ಇರಿಸುಮುರಿಸು, ಪೆಚ್ಚು, ಫಜೀತಿ, ಎಲ್ಲವೂ ಇವೆ. ಆದರೆ ಇವು ಮನಸ್ಸಿಗೆ ಹೇಗಾಯಿತೆಂಬುದನ್ನು ಹೇಳುತ್ತವೆಯೇ ಹೊರತು ನಡೆದದ್ದು ಏನೆಂಬುದನ್ನು ಹೇಳುವುದಿಲ್ಲ. ಕನ್ನಡದಲ್ಲಿ ‘ಹೆಸರಿಡುವುದು’ ಎಂದರೆ ತಪ್ಪು ಹುಡುಕುವುದು ಎಂಬ ಅರ್ಥವೂ ಇರುವುದನ್ನು ನೆನೆದರೆ, ನಮ್ಮ ಹೆಸರಿಡುವ ಕಲೆ ಯಾವ ದಿಕ್ಕಿಗೆ ಹರಿದಿದೆಯೆಂಬುದು ಗೊತ್ತಾಗುತ್ತದೆ. ರಾಶಿಯವರು 1942ರಲ್ಲಿ ಆರಂಭಿಸಿದ ‘ಕೊರವಂಜಿ’ ಹಾಸ್ಯಪತ್ರಿಕೆಯ ಕಾಲದ ವಿನೋದ ನಮಗೆ ಪದಗಳೊಡನೆ ಆಡುವುದನ್ನು ಚೆನ್ನಾಗಿಯೇ ಕಲಿಸಿತು. ನಾ. ಕಸ್ತೂರಿಯವರ ‘ಅನರ್ಥಕೋಶ’ ಇರುವ ಪದಗಳಿಗೆ ಹೊಸ ಅರ್ಥ ಹಚ್ಚಿ ನಗಿಸಿತು. ನಾನು ಕೇಳುತ್ತಿರುವುದು ಅದರ ಮಗ್ಗುಲಿನ ಕೆಲಸವನ್ನು: ಇರುವ ಅರ್ಥಗಳಿಗೆ ಹೊಸ ಪದ.

ಕಳೆದ ಸಲದ ಅಡಿಕೆ ಕೊಯ್ಲಿನ ಹೊತ್ತಿಗೆ ಊರಿನಲ್ಲಿದ್ದೆ. ಈಗ ಬಹಳ ಕಡೆ ಸುಲಿಯುವ ಯಂತ್ರ ಬಂದಿದೆಯಾದರೂ ನಮ್ಮ ಮನೆಯಲ್ಲಿ ರಾತ್ರಿ ಮೆಟ್ಟುಗತ್ತಿಗಳ ಮುಂದೆ ಹತ್ತು ಹದಿನೈದು ಜನ ಇನ್ನೂ ಕೂರುತ್ತಾರೆ, ಕೈ ಓಡುವಷ್ಟೇ ವೇಗದಲ್ಲಿ ಬಾಯಿಯೂ ಓಡುತ್ತದೆ. ಅಲ್ಲಿ ನಾನು ಈ ಮಾತು ತೆಗೆದೆ. ಮಲೆನಾಡಿನಲ್ಲಿ ನೆಂಟರು ಹೊರಡುವುದೆಂದರೆ ಜಗಲಿಯಲ್ಲಿ ಒಮ್ಮೆ, ಅಂಗಳದಲ್ಲಿ ಒಮ್ಮೆ, ಬೇಲಿಬಾಗಿಲ ಉಣುಗೋಲಿನ ಹತ್ತಿರ ಮತ್ತೊಮ್ಮೆ ‘ಬರ್ತೇನೆ’ ಎನ್ನುವುದು. ಇಷ್ಟೆಲ್ಲ ಆದ ಮೇಲೆ ಮರೆತ ಕೊಡೆಗಾಗಿ ಹಿಂದಿರುಗಿ, ಆಗಲೇ ತಮ್ಮ ವಿಚಾರವನ್ನೇ ಆಡುತ್ತಿದ್ದ ಮನೆಯವರ ಎದುರು ನಿಲ್ಲುವ ಸಂಕಟಕ್ಕೆ ‘ಕೊಡೆಮರಳಿಕೆ’ ಎಂಬುದು ನನ್ನ ಸಲಹೆಯಾಗಿತ್ತು. ವರ್ಷದ ಅರ್ಧ ಭಾಗ ಕೊಡೆಯ ಅಡಿಯಲ್ಲೇ ಬದುಕುವ ಜನ ಅದನ್ನು ತಕ್ಷಣ ಒಪ್ಪಿದರು. ಬಸ್ ನಿಲ್ದಾಣದಲ್ಲಿ ಹಿಂದಿದ್ದವರಿಗೆ ಯಾರೋ ಮುಗಿದ ಕೈಯನ್ನು ತನಗೇ ಎಂದು ಭಾವಿಸಿ ತಿರುಗಿ ಮುಗಿಯುವುದಕ್ಕೆ ನನ್ನ ಅತ್ತೆ ‘ಎರವಲು ನಮಸ್ಕಾರ’ ಎಂದರು. ಮದುವೆ ಮನೆಯಲ್ಲಿ ‘ಗುರ್ತು ಸಿಕ್ತಾ?’ ಎಂದವರಿಗೆ ಧೈರ್ಯವಾಗಿ ತಲೆಯಾಡಿಸಿ, ‘ಹಂಗಾರೆ ನಾನು ಯಾರು ಹೇಳು’ ಎಂಬ ಮರುಪ್ರಶ್ನೆಗೆ ತೊದಲುವುದು ‘ಹೆಸರುದಡವರಿಕೆ’ ಆಯಿತು. ‘ಮಳೆಗಾಲ’ ಎಂಬ ಪದದಲ್ಲಿ ಕಾಲವು ಗಾಲವಾದಂತೆ ಇಲ್ಲಿ ತಡವರಿಕೆ ದಡವರಿಕೆಯಾಗಿದೆ. ಜರ್ಮನರ ಮೆಟ್ಟಿಲಿಗೆ ನಮ್ಮಲ್ಲಿ ಸಂಕವೇ, ಹಳ್ಳದ ಮೇಲಿನ ಕಾಲುಸೇತುವೆಯೇ, ಸಾಕು: ಹಳ್ಳ ದಾಟಿದ ಮೇಲೆ ಹೊಳೆಯುವ ಜವಾಬು ‘ಸಂಕದಾಚೆ ಮಾತು’.

ಹೆಚ್ಚು ಚರ್ಚೆಯಾದದ್ದು ಪರರ ಪೆದ್ದುತನಕ್ಕೆ ನಾವು ಪಡುವ ನಾಚಿಕೆಯ ವಿಷಯದಲ್ಲಿ. ನಾನು ‘ಪರನಾಚಿಕೆ’ ಎಂದದ್ದೇ ತಡ, ನಿವೃತ್ತ ಕನ್ನಡ ಮೇಷ್ಟ್ರೊಬ್ಬರು ಅದು ಅರಿಸಮಾಸವೆಂದು ಆಕ್ಷೇಪಿಸಿದರು. ಸಂಸ್ಕೃತವನ್ನೂ ಕನ್ನಡವನ್ನೂ ಸಮಾಸದಲ್ಲಿ ಬೆರೆಸುವುದು ಕುದಿಯುವ ಹಾಲಿಗೆ ಮಜ್ಜಿಗೆಯ ಹನಿ ಹಾಕಿದಂತೆ ಎಂದು 9ನೆಯ ಶತಮಾನದ ಕವಿರಾಜಮಾರ್ಗವೇ ಎಚ್ಚರಿಸಿದೆಯೆಂದು ಅವರು ನೆನಪಿಸಿ, ‘ನೆರೆನಾಚಿಕೆ’ ಎಂದು ತಿದ್ದಿದರು. ನೆರೆಹೊರೆಯ ನೆರೆ. ಜರ್ಮನರ ಪದದಲ್ಲಿ ಎಡವಿದವನು ಅನ್ಯ. ನಮ್ಮ ಪದದಲ್ಲಿ ಅವನು ಪಕ್ಕದ ಮನೆಯವನು. ಮೂಲಕ್ಕಿಂತ ಇದೇ ಮೇಲೆಂದು ನಾನು ನಂಬಿದ್ದೇನೆ.

ನಗೆಗೆಂದು ಕಟ್ಟಿದ ಪದಗಳು ಬಾಳುತ್ತವೆಯೇ ಎಂಬ ಸಂದೇಹ ಸಹಜವೇ. ಪದ ಕಟ್ಟಿದ ಮೇಲೆ ಬಳಕೆ ಹಿಂಬಾಲಿಸುವುದನ್ನು ನಮ್ಮ ತಾಲ್ಲೂಕೇ ಕಂಡಿದೆ: ಕುಪ್ಪಳಿಯ ಕುವೆಂಪು ಸರಳ ವಿವಾಹಕ್ಕೆ ‘ಮಂತ್ರಮಾಂಗಲ್ಯ’ ಎಂದು ಹೆಸರಿಟ್ಟರು, ಇಂದು ಅದು ಎಷ್ಟೋ ಮನೆಗಳ ಆಡುಮಾತು.

ಆ ರಾತ್ರಿ ಕೊನೆಗೆ ಉಳಿದದ್ದು ತಪ್ಪು ಛತ್ರದ ಪ್ರಸಂಗ. ಹಿರಿಯರು ಅಲ್ಲಿಯೇ ಕೂತಿದ್ದರಿಂದ ಯಾರೂ ಬಾಯಿ ಬಿಡಲಿಲ್ಲ. ಏಳನೆಯ ತರಗತಿಯ ಹುಡುಗಿಯೊಬ್ಬಳು ‘ಪರಾಕ್ಷತೆ’ ಎಂದಳು. ಮೇಷ್ಟ್ರು ಸವರ್ಣದೀರ್ಘ ಸಂಧಿ, ದೋಷವಿಲ್ಲ ಎಂದರು. ಹಿರಿಯರು ಕೈಯಲ್ಲಿದ್ದ ಅಡಿಕೆಯನ್ನು ಸುಲಿದು ಮುಗಿಸಿ, ಆ ಪದವನ್ನು ಎರಡು ಸಲ ಹೇಳಿ ನೋಡಿ, ತಮಗಿಂತ ಮೊದಲು ತಮ್ಮ ಸೋದರಮಾವನಿಗೂ ಸಾಗರದಲ್ಲಿ ಒಮ್ಮೆ ಪರಾಕ್ಷತೆಯಾಗಿತ್ತು ಎಂದು ಕತೆ ಆರಂಭಿಸಿದರು.