ಹಾರ್ಮೋನಿಗೂ ಒಂದು ಹೊತ್ತಿದೆ

ಮೊನ್ನೆ ಫೋನಿನಲ್ಲಿ ಅಕ್ಕ ಹೇಳಿದಳು, "ಥೈರಾಯ್ಡ್ ಮಾತ್ರೆ ನಿಲ್ಲಿಸಿ ಹತ್ತು ದಿನ ಆಯ್ತು ಕಣೋ. ದಿನಾ ಒಂದು ಗಂಟೆ ವಾಕಿಂಗ್ ಮಾಡ್ತಿದೀನಿ. ಏನೂ ಆಗಿಲ್ಲ ನೋಡು."

ನಾನು ಆಗ ಕೈಗೆ ಕಟ್ಟಿದ ವಾಚ್ ನೋಡುತ್ತಿದ್ದೆ. ರಾತ್ರಿಯ ನಿದ್ದೆಗೆ ಅದು ಕೊಟ್ಟ ಅಂಕ 61. ಏಳುವಾಗ ಚೆನ್ನಾಗೇ ಇದ್ದೆ. ಅಂಕ ನೋಡಿದ ಮೇಲೆ ಸುಸ್ತು ಶುರುವಾಯಿತು.

ಹೊರದೇಶಕ್ಕೆ ಬಂದ ಮೇಲೆ ನನಗೆ ಎದ್ದು ಕಂಡ ವ್ಯತ್ಯಾಸ ಇದೇ. ಇಲ್ಲಿ ನನ್ನ ಸುತ್ತಲಿನವರು ಎಲ್ಲವನ್ನೂ ಅಳೆಯುತ್ತಾರೆ. ಅಲ್ಲಿ ನಮ್ಮ ಮನೆಯವರಿಗೆ ಅಳೆಯುವುದೇ ಬೇಡ. ಆದರೆ ಎರಡೂ ಕಡೆ ಕೇಳುವುದು ಒಂದೇ ಮಾತು: ಹಾರ್ಮೋನ್ ಬ್ಯಾಲೆನ್ಸ್ ಆಗಬೇಕು.

ಈ ಬ್ಯಾಲೆನ್ಸ್ ಅನ್ನುವ ಪದದ ಮೇಲೆಯೇ ನನ್ನ ತಕರಾರು. ತಕ್ಕಡಿಯ ಹಾಗೆ ಸಮವಾಗಿ ನಿಂತುಬಿಟ್ಟರೆ ಹಾರ್ಮೋನಿಗೆ ಕೆಲಸವೇ ಇಲ್ಲ. 1905ರಲ್ಲಿ ಇಂಗ್ಲೆಂಡಿನ ಶರೀರವಿಜ್ಞಾನಿ ಅರ್ನೆಸ್ಟ್ ಸ್ಟಾರ್ಲಿಂಗ್ ಈ ಹೆಸರನ್ನು ಬಳಕೆಗೆ ತಂದರು. ಅದು ಬಂದಿದ್ದು 'ಎಬ್ಬಿಸು, ಚುರುಕಾಗಿಸು' ಎಂಬ ಅರ್ಥದ ಗ್ರೀಕ್ ಪದದಿಂದ. ಏರುವುದು, ಇಳಿಯುವುದು ಅದರ ಕಸುಬು. ಒತ್ತಡದ ಹಾರ್ಮೋನ್ ಅನ್ನುವ ಕಾರ್ಟಿಸಾಲ್ ಬೆಳಿಗ್ಗೆ ಎದ್ದ ಅರ್ಧ, ಮುಕ್ಕಾಲು ಗಂಟೆಯೊಳಗೆ ಚೆನ್ನಾಗಿ ಏರುತ್ತದೆ. ಮಧ್ಯರಾತ್ರಿಯ ಹೊತ್ತಿಗೆ ತಳ ಕಾಣುತ್ತದೆ. ಕತ್ತಲಾದ ಮೇಲೆ ನಿದ್ದೆಗೆ ಅಣಿ ಮಾಡುವ ಮೆಲಟೋನಿನ್ ಸರದಿ. 'ಕಾರ್ಟಿಸಾಲ್ ಇಳಿಸಿಕೊಳ್ಳಿ' ಎಂದು ಪುಡಿ ಮಾರುವವರು ಯಾವ ಹೊತ್ತಿನ ಕಾರ್ಟಿಸಾಲ್ ಅಂತ ಮಾತ್ರ ಹೇಳುವುದಿಲ್ಲ.

ನಾನಿರುವ ಕಡೆ ಬೇಸಿಗೆಯಲ್ಲಿ ರಾತ್ರಿ ಹತ್ತಾದರೂ ಕತ್ತಲಾಗುವುದಿಲ್ಲ. ಚಳಿಗಾಲದಲ್ಲಿ ಬೆಳಿಗ್ಗೆ ಎಂಟಾದರೂ ಬೆಳಕಿಲ್ಲ. ಮೊದಲ ವರ್ಷ ಮಲಗುವ ಹೊತ್ತು, ಏಳುವ ಹೊತ್ತು ಎರಡೂ ಕೆಟ್ಟು ಹೋದವು. ಹೊತ್ತಲ್ಲದ ಹೊತ್ತಿನಲ್ಲಿ ಹಸಿವು. ಅದು ಬಾಯಿಚಪಲ ಅಂತ ನನ್ನನ್ನೇ ಬೈದುಕೊಳ್ಳುತ್ತಿದ್ದೆ. ಅದರಲ್ಲಿ ನಿದ್ದೆಯ ಪಾಲೂ ಇದೆ ಅಂತ ಆಮೇಲೆ ಗೊತ್ತಾಯಿತು. 2004ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ 12 ಜನ ಆರೋಗ್ಯವಂತ ಯುವಕರಿಗೆ ಎರಡು ರಾತ್ರಿ ಬರೀ 4 ಗಂಟೆ ಮಲಗಲು ಬಿಟ್ಟಿದ್ದರು. 10 ಗಂಟೆ ಮಲಗಿದಾಗಿನದಕ್ಕೆ ಹೋಲಿಸಿದರೆ, ಹೊಟ್ಟೆ ತುಂಬಿತು ಎನ್ನುವ ಲೆಪ್ಟಿನ್ ಶೇ. 18ರಷ್ಟು ಕಡಿಮೆ, ಹಸಿವು ಎಬ್ಬಿಸುವ ಗ್ರೆಲಿನ್ ಶೇ. 28ರಷ್ಟು ಜಾಸ್ತಿ. ಹನ್ನೆರಡೇ ಜನ, ನಿಜ. ಆದರೂ ನನ್ನ ಕಥೆಯನ್ನೇ ಓದಿದ ಹಾಗಾಯಿತು. ಕಿಟಕಿಗೆ ದಪ್ಪ ಪರದೆ ಹಾಕಿದೆ. ಮಧ್ಯಾಹ್ನದ ಮೇಲೆ ಕಾಫಿ ಬಿಟ್ಟೆ. ಭಾನುವಾರವೂ ಅದೇ ಹೊತ್ತಿಗೆ ಏಳುತ್ತೇನೆ. ಇದರಲ್ಲಿ ಮಾರುವಂಥದ್ದು ಏನೂ ಇಲ್ಲ, ಅದಕ್ಕೇ ಇರಬೇಕು ಜಾಹೀರಾತೂ ಇಲ್ಲ.

ಹಾಗಂತ ನಾನು ಜಾಣ ಅಂದುಕೊಳ್ಳಬೇಡಿ. ಕೂದಲು ಉದುರುತ್ತಿದೆ ಅಂತ ಒಂದು ಡಬ್ಬಿ ತಂದಿದ್ದೆ, 'ನೈಸರ್ಗಿಕ' ಅಂತ ದಪ್ಪಕ್ಷರದಲ್ಲಿ ಬರೆದಿತ್ತು. ಅದೇ ತಿಂಗಳು ಸುಮ್ನೆ ಥೈರಾಯ್ಡ್ ಟೆಸ್ಟ್ ಮಾಡಿಸಿದೆ. ಟಿಎಸ್‌ಎಚ್ (ಥೈರಾಯ್ಡಿಗೆ ಕೆಲಸ ಮಾಡು ಅನ್ನುವ ಹಾರ್ಮೋನ್) ತೀರಾ ಕಡಿಮೆ, ಟಿ4 (ಥೈರಾಯ್ಡೇ ಬಿಡುವ ಹಾರ್ಮೋನ್) ಜಾಸ್ತಿ. ಥೈರಾಯ್ಡ್ ಮಿತಿಮೀರಿ ಕೆಲಸ ಮಾಡುತ್ತಿದೆ ಅನ್ನುವ ಹಾಗಿತ್ತು ರಿಪೋರ್ಟ್. ಎರಡು ರಾತ್ರಿ ಇಂಟರ್ನೆಟ್ಟಿನಲ್ಲಿ ರೋಗ ಹುಡುಕಿದೆ. ಡಾಕ್ಟರ್ ಕೇಳಿದ್ದು ಒಂದೇ ಪ್ರಶ್ನೆ, "ಕೂದಲಿಗೆ ಏನಾದರೂ ತಗೊಳ್ತಿದೀರಾ?" ಡಬ್ಬಿಯಲ್ಲಿದ್ದದ್ದು ಬಯೋಟಿನ್ ಅನ್ನುವ ವಿಟಮಿನ್. ಜಾಸ್ತಿ ತೆಗೆದುಕೊಂಡರೆ ಅದು ಕೆಲವು ಬಗೆಯ ರಕ್ತಪರೀಕ್ಷೆಗಳನ್ನೇ ದಾರಿ ತಪ್ಪಿಸುತ್ತದೆ. ಕೆಲವು ದಿನ ನಿಲ್ಲಿಸಿ ಮತ್ತೆ ಪರೀಕ್ಷಿಸಿದಾಗ ಎಲ್ಲ ಸರಿ ಇತ್ತು. ಥೈರಾಯ್ಡ್ ತನ್ನ ಪಾಡಿಗೆ ತಾನಿತ್ತು, ಕೆಟ್ಟಿದ್ದು ನನ್ನ ಎರಡು ರಾತ್ರಿಯ ನಿದ್ದೆ.

ಅಕ್ಕನದು ಇದರ ತಿರುಗುಮುರುಗು. ಅವಳ ಥೈರಾಯ್ಡ್ ನಿಜಕ್ಕೂ ಸೋತಿದೆ, ವರ್ಷಗಳ ರಿಪೋರ್ಟ್ ಇದೆ. ಅಂಥ ಗ್ರಂಥಿಯನ್ನು ನಡೆದು ನಡೆದು ಎಬ್ಬಿಸಲು ಆಗುವುದಿಲ್ಲ. "ಮತ್ತೆ ಹತ್ತು ದಿನ ಆರಾಮಾಗಿ ಇದೀನಲ್ಲ?" ಅಂದಳು. ಅಲ್ಲೇ ಇರುವುದು ಮೋಸ. ಮಾತ್ರೆಯಲ್ಲಿರುವ ಥೈರಾಕ್ಸಿನ್ (ಅದೇ ಟಿ4) ರಕ್ತದಲ್ಲಿ ಅರ್ಧಕ್ಕೆ ಇಳಿಯಲೇ ಸುಮಾರು ಒಂದು ವಾರ ಬೇಕು. ಅವಳು ಹತ್ತು ದಿನದಿಂದ ಉಳಿತಾಯದ ದುಡ್ಡು ಖರ್ಚು ಮಾಡುತ್ತಿದ್ದಳು ಅಷ್ಟೇ. "ನಾಳೆಯೇ ಡಾಕ್ಟರಿಗೆ ಹೇಳು ಅಕ್ಕ. ಮಾತ್ರೆ ಬೇಕೋ ಬೇಡವೋ ಅನ್ನೋದನ್ನ ಅವರು ಟೆಸ್ಟ್ ನೋಡಿ ಹೇಳಲಿ," ಅಂದೆ.

ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ಸಣ್ಣ ದನಿಯಲ್ಲಿ, "ಹಾಗಾದ್ರೆ ವಾಕಿಂಗ್ ಸುಮ್ನೆ ದಂಡನಾ?"

ದಂಡ ಹೇಗಾಗುತ್ತದೆ? ಕಾಲಿನ ಸ್ನಾಯು ಕೆಲಸ ಮಾಡುವಾಗ ಇನ್ಸುಲಿನ್ ಕಾಯದೆ ರಕ್ತದ ಸಕ್ಕರೆ ಎಳೆದುಕೊಳ್ಳುತ್ತದೆ. ರಾತ್ರಿ ನಿದ್ದೆಯೂ ಚೆನ್ನಾಗಿ ಬರುತ್ತದೆ. ವಾಕಿಂಗ್ ಅಂದರೆ ಸೋಮಾರಿಯಾಗಿದ್ದ ನನ್ನ ಅಕ್ಕ ದಿನಾ ಒಂದು ಗಂಟೆ ನಡೆಯುತ್ತಾಳೆ, ನಾನೇಕೆ ಬಿಡಿಸಲಿ? ಹೇಗೂ ಆ ಮಾತ್ರೆ ಖಾಲಿ ಹೊಟ್ಟೆಗೆ ತಗೊಂಡು ಅರ್ಧದಿಂದ ಒಂದು ಗಂಟೆ ಏನೂ ತಿನ್ನಬಾರದು.

"ಡಾಕ್ಟರ್ ಮತ್ತೆ ಶುರು ಮಾಡು ಅಂದ್ರೆ, ಎದ್ದ ತಕ್ಷಣ ಮಾತ್ರೆ ನುಂಗಿ ವಾಕಿಂಗ್ ಹೋಗಿಬಿಡು," ಅಂದೆ. "ಬರೋ ಹೊತ್ತಿಗೆ ತಿಂಡಿ ತಿನ್ನೋ ಹೊತ್ತಾಗಿರುತ್ತೆ."